ಗಣಿ ಪಕ್ಕದ ಬೋರ್‌ನಲ್ಲಿ ನೀರು ದಿನಕ್ಕೆ ಎರಡು ಸಲ ಏರಿಳಿಯುತ್ತಿದೆ, ಯಾಕೆ?

ಮಂಚಿರ್ಯಾಲ_ಬೋರ್: ತಲೆ ಕೆಟ್ಟು ಹೋಗಿದೆ. ಗೋದಾವರಿ ಕಣಿವೆಯಲ್ಲಿ ಒಂದು ಸುರಂಗ ಕಲ್ಲಿದ್ದಲು ಗಣಿ, ಅದರ ಪಕ್ಕದ ಬೋರ್‌ಗೆ ನೀರಿನ ಒತ್ತಡ ಅಳೆದು ಮಟ್ಟ ದಾಖಲಿಸುವ ಲಾಗರ್ ಬಿಟ್ಟಿದ್ದೇವೆ. ನೀರು ದಿನಕ್ಕೆ ಎರಡು ಸಲ ಸುಮಾರು 6 ಸೆಂ.ಮೀ. ಏರಿಳಿಯುತ್ತಿದೆ. ಜೊತೆಗೆ ಒಟ್ಟು ಮಟ್ಟವೂ ನಿಧಾನಕ್ಕೆ ಕುಸಿಯುತ್ತಿದೆ. ಬ್ಯಾಟರಿ ಹೊಸದು. ಈ ವಾರ ವರದಿ ಕೊಡಬೇಕು.

ಪಂಪ್‌ಹೌಸ್: ಗಣಿಯ ಪಂಪ್. ಇನ್ನೇನು? ಗಣಿಯೊಳಗಿನ ನೀರಿನ ಗುಂಡಿ (ಸಂಪ್) ತುಂಬಿದರೆ ಹಾಕುತ್ತಾರೆ, ಖಾಲಿಯಾದರೆ ನಿಲ್ಲಿಸುತ್ತಾರೆ. ಆಪರೇಟರ್ ಲಾಗ್‌ಬುಕ್ ತೆಗೆಸಿ.

ಜಲಮಟ್ಟ: ವೆಂಟೆಡ್ ಲಾಗರ್ ತಾನೇ, ವಾಯುಭಾರವನ್ನು ತಾನಾಗಿಯೇ ಕಳೆದುಕೊಳ್ಳುವಂಥದ್ದು? ಏರುವುದು ಎಷ್ಟು ಗಂಟೆಗೆ?

ಪಂಪ್‌ಹೌಸ್: ಗಂಟೆ ಬಿಡಿ ಸಾರ್, ಪಾಳಿ ಬದಲಾಗುವ ಹೊತ್ತು ನೋಡಿ.

ಜಲಮಟ್ಟ: ಪಾಳಿ ಮೂರು, ಏರಿಳಿತ ಎರಡು. ಹೇಗೆ ಹೊಂದುತ್ತದೆ? ವಾಯುಭಾರ ದಿನಾ 10ರ ಸುಮಾರಿಗೆ ಹೆಚ್ಚು, 4ರ ಸುಮಾರಿಗೆ ಕಡಿಮೆ, ಹಗಲೂ ಹಾಗೆ, ರಾತ್ರಿಯೂ ಹಾಗೆ. ವಾಯುಭಾರದ ಅಳತೆಯಲ್ಲಿ 1 ಹೆಕ್ಟೊಪಾಸ್ಕಲ್ ಅಂದರೆ ಹತ್ತಿರ ಹತ್ತಿರ 1 ಸೆಂ.ಮೀ. ನೀರು.

ಮಂಚಿರ್ಯಾಲ_ಬೋರ್: ವೆಂಟೆಡ್ ಅಲ್ಲ. ಆದರೆ ವಾಯುಭಾರ ಕಳೆದೇ ಗ್ರಾಫ್ ಮಾಡಿದ್ದು. ಆಮೇಲೂ 10ಕ್ಕೇ ಏರುತ್ತದೆ.

ಹಳೇಟೇಪು: ಲಾಗರ್ ನಂಬಬೇಡಿ. ಸ್ಟೀಲ್ ಟೇಪಿಗೆ ಸೀಮೆಸುಣ್ಣ ಬಳಿದು ಇಳಿಸಿ, ಒದ್ದೆಯಾದ ಗುರುತೇ ನೀರಿನ ಮಟ್ಟ.

ಪಂಪ್‌ಹೌಸ್: ಈ ಕಾಲದಲ್ಲಿ ಸೀಮೆಸುಣ್ಣವಾ? ನೀರು ತಾಗಿದರೆ ಬೀಪ್ ಅನ್ನುವ ಡಿಪ್ ಮೀಟರ್ ಇದೆಯಲ್ಲ.

ಹಳೇಟೇಪು: ಬೋರಿನ ಕೊಳವೆ (ಕೇಸಿಂಗ್) ಒಳಗೆ ತೇವ ಇದ್ದರೆ ನಿಮ್ಮ ಬೀಪ್ ಸುಮ್ನೆ ಕೂಗುತ್ತದೆ.

ಜಲಮಟ್ಟ: ಯಾವುದಾದರೂ ಸರಿ, 10ಕ್ಕೊಮ್ಮೆ, 4ಕ್ಕೊಮ್ಮೆ ಕೈಯಲ್ಲಿ ಅಳೆಯಿರಿ. ವಾಯುಭಾರದ ಫೈಲ್ ಎಲ್ಲಿಯದು?

ಮಂಚಿರ್ಯಾಲ_ಬೋರ್: ಹವಾಮಾನ ಕೇಂದ್ರದ್ದು. ಕಾಲಂ ಮೇಲೆ ಯುಟಿಸಿ ಅಂತ ಇದೆ. ಅದು ಮುಖ್ಯವಾ?

ಜಲಮಟ್ಟ: ಅಯ್ಯೋ ಮಾರಾಯ್ರೆ! ಯುಟಿಸಿ ಅಂದರೆ ಗ್ರೀನ್‌ವಿಚ್ ಸಮಯ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ವಾಯುಭಾರದ ಅಲೆ ಹನ್ನೆರಡು ಗಂಟೆಯದು, ಅಂದರೆ ಹತ್ತಿರ ಹತ್ತಿರ ಅರ್ಧ ಅಲೆ ತಪ್ಪಿದೆ. ಭಾರ ಏರಿದಾಗ ನೀವು ಇಳಿದ ಭಾರ ಕಳೆಯುತ್ತಿದ್ದೀರಿ. ಏರಿಳಿತ ಹೋಗುವ ಬದಲು ಜಾಸ್ತಿಯಾಗಿದೆ.

ಮಂಚಿರ್ಯಾಲ_ಬೋರ್: ಸಮಯ ಸರಿಸಿದೆ. ಈಗ ಬರೀ 1 ಸೆಂ.ಮೀ., ಅದೂ ಉಲ್ಟಾ. 10ಕ್ಕೆ ಇಳಿಯುತ್ತದೆ. ಡಿಪ್ ಮೀಟರಿನಲ್ಲೂ ಹಾಗೇ. ಕುಸಿತ ಮಾತ್ರ ಹಾಗೇ ಇದೆ.

ಜಲಮಟ್ಟ: ಉಲ್ಟಾ ಇಳಿಯುವುದು ನಿಜವಾದದ್ದೇ. ಮೇಲೆ ಗಟ್ಟಿ ಪದರ ಮುಚ್ಚಿಕೊಂಡಿರುವ ನೀರು ಹೀಗೆ ಮಾಡುತ್ತದೆ. ಕುಸಿತಕ್ಕೆ ಮೊದಲು ನೀರು ಒಳಬರುವ ಜಾಲರಿ ಪೈಪು ಯಾವ ಪದರದಲ್ಲಿದೆ ಹೇಳಿ. ಮೇಲಿನ ಕಾಮ್ಠಿ ಎಂಬ ಮರಳುಗಲ್ಲಾ, ಅದರ ಕೆಳಗೆ ಕಲ್ಲಿದ್ದಲು ಇರುವ ಬರಾಕರ್ ಪದರವಾ? ಬರಾಕರ್ ಆದರೆ ಗಣಿಗೆ ನೀರು ಬಸಿಯುವುದು ಮಾಮೂಲು. ಕಾಮ್ಠಿ ಇಳಿಯುತ್ತಿದ್ದರೆ, ಕಲ್ಲಿದ್ದಲು ತೆಗೆದ ಜಾಗದ ಚಾವಣಿ ಕುಸಿದು ಬಿರುಕು ಮೇಲಕ್ಕೆ ಬಂದಿದೆಯಾ ಅಂತ ನೋಡಬೇಕು. ಪದರಗಳ ನಡುವೆ ಬೆಂಟೊನೈಟ್ ಜೇಡಿಯ ಸೀಲ್ ಇಲ್ಲದಿದ್ದರೆ ಎರಡೂ ನೀರು ಬೆರೆತಿರುತ್ತದೆ, ಏನೂ ಹೇಳಲಾಗದು.

ಮಂಚಿರ್ಯಾಲ_ಬೋರ್: ಬೋರ್ ಕೊರೆದವರ ಕಾಗದ ಹುಡುಕಿಸುತ್ತಿದ್ದೇನೆ.

ಪಂಪ್‌ಹೌಸ್: ಅಲ್ಲಿಯವರೆಗೆ ಪಂಪಿನ ನೀರನ್ನಾದರೂ ಅಳೆಯಿರಿ. ನಮ್ಮಲ್ಲಿ 90 ಡಿಗ್ರಿ ವಿ-ನಾಚ್ ಇದೆ, ನೀರು ಹರಿದುಹೋಗುವ ವಿ ಆಕಾರದ ಕಚ್ಚಿರುವ ತಗಡು. ಕಚ್ಚಿನಲ್ಲಿ ನೀರಿನ ಎತ್ತರ 10 ಸೆಂ.ಮೀ. ಇದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್, 20ಕ್ಕೆ ಹತ್ತಿರ ಹತ್ತಿರ 25. ಸ್ಟೇನ್‌ಲೆಸ್ ಸ್ಟೀಲ್, ಹಿಂದೆ ಹೂಳು ನಿಲ್ಲಲು ತೊಟ್ಟಿ. ಫೋಟೋ ಹಾಕಲಾ?

ಹಳೇಟೇಪು: ಹಾಕಿ. ಅಂಚು ಚೂಪು ಮಾಡಿಸಿದ್ದೀರಾ?