ರಜೆ ಮುಗಿಸಿ ಲೇಹ್‌ಗೆ ಮರಳುವ ಯೋಧನಿಗೆ ಮತ್ತೆ ಅಕ್ಲೈಮಟೈಸೇಶನ್ (ಎತ್ತರದ ತೆಳು ಗಾಳಿಗೆ ದೇಹ ಒಗ್ಗಿಸುವುದು) ಬೇಕೇ?

ಹಾವೇರಿ_ಅಕ್ಕ:
ನಮಸ್ಕಾರ. ನನ್ನ ತಮ್ಮ ಸೇನೆಯಲ್ಲಿದ್ದಾನೆ, ಲಡಾಖ್‌ನಲ್ಲಿ ಪೋಸ್ಟಿಂಗ್. ಅವನ ಪೋಸ್ಟ್ 15,000 ಅಡಿಗಿಂತ ಮೇಲಿದೆಯಂತೆ. 60 ದಿನದ ರಜೆ ಮುಗಿಸಿ ಮುಂದಿನ ವಾರ ದೆಹಲಿಯಿಂದ ವಿಮಾನದಲ್ಲಿ ಲೇಹ್‌ಗೆ ಹೋಗುತ್ತಾನೆ. "ವರ್ಷಗಟ್ಟಲೆ ಅಲ್ಲೇ ಇದ್ದವನಿಗೆ ಏನಾಗುತ್ತೆ, ಎರಡು ದಿನ ಮಲಗಿದ್ರೆ ಸಾಕು" ಅನ್ನುತ್ತಾನೆ. ಸದ್ಯ ನೆಗಡಿ, ಕೆಮ್ಮು ಬೇರೆ ಇದೆ. ನಿಜಕ್ಕೂ ಎರಡು ದಿನ ಸಾಕಾ? ಎತ್ತರದ ಕಾಯಿಲೆಗೆ ಕೊಡುವ ಡಯಾಮಾಕ್ಸ್ ಮಾತ್ರೆ ಕೊಟ್ಟು ಕಳಿಸಬಹುದಾ?

ಎಂಐ_ರೂಮ್:
ಸಾಲದು. ಹಿಂದೆ ಎಷ್ಟು ವರ್ಷ ಅಲ್ಲಿದ್ದ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಕೆಳಗೆ ಎಷ್ಟು ದಿನ ಇದ್ದ ಅನ್ನುವುದಷ್ಟೇ ಬರುತ್ತದೆ. ಎತ್ತರದಿಂದ ಇಳಿದು 10 ದಿನ ದಾಟಿ 4 ವಾರದೊಳಗೆ ಮರಳಿದರೆ ಪ್ರತಿ ಹಂತದಲ್ಲೂ 4 ದಿನ. 4 ವಾರ ಮೀರಿದರೆ ಹೊಸದಾಗಿ ಬಂದವನಂತೆ ಪೂರ್ತಿ ಮಾಡಬೇಕು. ನಿಮ್ಮ ತಮ್ಮ ಎರಡನೆಯ ಗುಂಪು.

ಮೊದಲ ಹಂತ 9,000ದಿಂದ 12,000 ಅಡಿ, 6 ದಿನ. ಲೇಹ್ ಸುಮಾರು 11,500 ಅಡಿಯಲ್ಲಿರುವುದರಿಂದ ಇದು ಅಲ್ಲೇ ಆಗುತ್ತದೆ. 1 ಮತ್ತು 2ನೇ ದಿನ ವಿಶ್ರಾಂತಿ: ಮೆಸ್, ಶೌಚ ಬಿಟ್ಟರೆ ಓಡಾಟ ಬೇಡ. 3 ಮತ್ತು 4ನೇ ದಿನ ಸಮತಟ್ಟಾದ ದಾರಿಯಲ್ಲಿ ಒಂದೂವರೆಯಿಂದ 3 ಕಿ.ಮೀ. ನಿಧಾನ ನಡಿಗೆ. 5 ಮತ್ತು 6ನೇ ದಿನ 5 ಕಿ.ಮೀ.ವರೆಗೆ ನಡಿಗೆ, ಜೊತೆಗೆ 300 ಮೀಟರ್‌ವರೆಗೆ ಏರು. ಆಮೇಲೆ 12,000–15,000 ಅಡಿಯಲ್ಲಿ 4 ದಿನ, ಅದರಿಂದ ಮೇಲೆ ಮತ್ತೆ 4 ದಿನ. ಒಟ್ಟು 14, ಪ್ರಯಾಣದ ದಿನ ಬಿಟ್ಟು.

ಎಡವಟ್ಟಾಗುವುದು ಮೊದಲ ದಿನವೇ. ವಿಮಾನದಿಂದ ಇಳಿದ ಕೂಡಲೇ ಎಲ್ಲರೂ ಗಟ್ಟಿಯಾಗಿಯೇ ಇರುತ್ತಾರೆ. ಹಾಗಂತ ಟ್ರಂಕ್ ಎತ್ತುವುದು, ಸಂಜೆ ವಾಲಿಬಾಲ್ ಆಡುವುದು ನಡೆಯುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬುವ ಕಾಯಿಲೆ, ಅಂದರೆ ಫೌಜಿಗಳು ಹೇಳುವ ಹಾಪೋ, ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2ರಿಂದ 4ನೇ ದಿನದೊಳಗೆ, ಅದೂ ಹೆಚ್ಚಾಗಿ ರಾತ್ರಿ.

ಡಯಾಮಾಕ್ಸ್ ತಲೆನೋವು, ವಾಂತಿ ಬರುವ ಸಾಮಾನ್ಯ ಎತ್ತರದ ಕಾಯಿಲೆಗೆ. ಏರುವ ಹಿಂದಿನ ದಿನದಿಂದ 125 ಮಿ.ಗ್ರಾಂ. ದಿನಕ್ಕೆರಡು ಬಾರಿ ಕೊಡುವುದು ರೂಢಿ. ಹಾಪೋ ತಡೆಯುತ್ತದೆ ಅಂತ ಅದನ್ನು ನಂಬುವ ಹಾಗಿಲ್ಲ, ದಿನಗಳನ್ನು ಕಡಿಮೆ ಮಾಡುವುದಕ್ಕಂತೂ ಅದು ಪರವಾನಗಿ ಅಲ್ಲ. ಸಲ್ಫಾ ಅಲರ್ಜಿ ಇದ್ದವರು ಮುಟ್ಟಬಾರದು. ನೀವು ಕೊಡಬೇಡಿ, ಆರ್‌ಎಂಓ (ಯುನಿಟ್‌ನ ವೈದ್ಯರು) ಕೊಡಲಿ.

ಧಾರವಾಡ_ಪೇಢಾ:
ಅಕ್ಕಾರ, ಆ ನೆಗಡೀನ ಹಗುರಾಗಿ ತಗೋಬ್ಯಾಡ್ರಿ. ಎದೀಗೆ ಸೋಂಕು ಇದ್ದಾವಗ ಹಾಪೋ ಅಪಾಯ ಜಾಸ್ತಿ. ಜ್ವರ, ಕಫ ಇದ್ರ ರಜೆ ಮುಗಿಯೂದರಾಗ ಬೆಳಗಾವಿ ಮಿಲಿಟರಿ ಆಸ್ಪತ್ರಿಗೆ ತೋರಿಸಿ, ಚೀಟಿ ತಗೊಂಡು, ಯುನಿಟ್‌ಗೆ ಫೋನ್ ಮಾಡಿ ಹೇಳ್ಲಿ. ಹೇಳದ ಕೇಳದ ಮನ್ಯಾಗ ಉಳದ್ರ ಅದು ಬ್ಯಾರೆ ತಲಿನೋವು.

ಹುಡುಗೂರು ಮುಚ್ಚಿಡೂದು ಯಾಕ ಅಂದ್ರ ಮೆಡಿಕಲ್ ಕೆಟಗರಿ ಹೆದರಿಕಿ. ಶೇಪ್-1 (ಪೂರ್ತಿ ಫಿಟ್ ಅನ್ನೂ ದರ್ಜೆ) ಹೋದ್ರ ಪ್ರಮೋಶನ್, ಕೋರ್ಸ್ ಎಲ್ಲಾ ಸಿಕ್ಕಿಬೀಳ್ತಾವ ಅಂತ. ಆ ಹೆದರಿಕಿ ಸುಳ್ಳಲ್ಲ, ಆದ್ರ ಲಗೂನ ಹಿಡದು ಕೆಳಗ ಇಳಿಸಿದ ಹಾಪೋ ಪೂರ್ತಿ ವಾಸಿ ಆಗೂದ ಹೆಚ್ಚು. ತಡಾ ಆದ್ರ ಒಂದ ರಾತ್ರಿ ಸಾಕು ಜೀವಾ ಹೋಗಾಕ. ಜವಾನಗ ಬೈದು ಉಪಯೋಗ ಇಲ್ರಿ, ಇದು ಕಮಾಂಡರ್ ನೋಡಬೇಕಾದ ಕೆಲಸ: ಹದಿನಾಲ್ಕು ದಿನ ಮುಗಿಯೂತನಕ ಅವನ ಹೆಸರು ಡ್ಯೂಟಿ ರೋಸ್ಟರ್‌ನ್ಯಾಗ ಬರಬಾರದು. ಪೋಸ್ಟ್‌ನ್ಯಾಗ ಮಂದಿ ಕಡಿಮಿ ಅದಾರ ಅಂತ ಕರಕೊಂಡು ಹೋಗೂದ ಮೊದಲನೇ ತಪ್ಪು.

ಲಕ್ಷಣ ಜೋಡಿಗಿದ್ದ ಜವಾನ ನೋಡಬೇಕು. ಕುಂತಲ್ಲೇ ಏದುಸಿರು, ಒಣಕೆಮ್ಮು, ಮೊನ್ನೆ ಹತ್ತಿದ ದಿನ್ನಿ ಇವತ್ತು ಹತ್ತಾಕ ಆಗವಲ್ದು ಅನ್ನೂದು. ಗುಲಾಬಿ ಬಣ್ಣದ ನೊರಿ ಬರೂತನಕ ಕಾಯಬಾರದು, ಅದು ಕಡೀ ಹಂತ. ಎತ್ತರ ಮಿದುಳಿಗೆ ಹೊಡದ್ರ ಆ ಕಾಯಿಲೆಗೆ 'ಹಾಕೋ' (HACO) ಅಂತಾರ. ಅದಕ್ಕ ಒಂದು ಸಾದಾ ಪರೀಕ್ಷೆ: ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನೆಟ್ಟಗ ಗೆರಿ ಮ್ಯಾಲೆ ನಡಿಸಬೇಕು. ತೂರಾಡಿದ್ರ ಆಗಿಂದಾಗ ಆಕ್ಸಿಜನ್ ಕೊಟ್ಟು ಕೆಳಗ ಇಳಿಸೂ ತಯಾರಿ.

ಹಾವೇರಿ_ಅಕ್ಕ:
ಇಬ್ಬರಿಗೂ ಧನ್ಯವಾದ. ಬೆಳಗಾವಿಗೆ ಹೋಗಿ ತೋರಿಸಲು ಹೇಳುತ್ತೇನೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಕೊಟ್ಟು ಕಳಿಸಿದರೆ ಉಪಯೋಗವಿದೆಯಾ? ಎಷ್ಟು ಬಂದರೆ ಹೆದರಬೇಕು?

ಹಿಮಗಾಳಿ:
ಕೊಡಿ, ಆದರೆ ಅಂಕಿ ನೋಡುವ ರೀತಿ ತಿಳಿದಿರಲಿ. ಲೇಹ್‌ನಲ್ಲಿ ಆರೋಗ್ಯವಾಗಿರುವವನಿಗೂ 90ರ ಆಸುಪಾಸು ಬರುತ್ತದೆ, ಮೇಲೆ ಹೋದಂತೆ ಇನ್ನೂ ಕಡಿಮೆ. ಊರಿನ 98 ಅಲ್ಲಿ ಹುಡುಕಬಾರದು. ತಣ್ಣಗಾದ ಬೆರಳು ಸುಳ್ಳು ಹೇಳುತ್ತದೆ, ಐದು ನಿಮಿಷ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ ಹಾಕಬೇಕು. ಒಂದು ಅಂಕಿಗಿಂತ ಜೊತೆಯವರ ಅಂಕಿಯ ಜೊತೆ ಹೋಲಿಕೆ ಮುಖ್ಯ. ಒಂದೇ ದಿನ ಬಂದ ನಾಲ್ವರಲ್ಲಿ ಮೂವರಿಗೆ 90, ಒಬ್ಬನಿಗೆ 78 ಅಂದರೆ ಅವನನ್ನು ಎಂಐ ರೂಮ್‌ಗೆ (ಯುನಿಟ್‌ನ ಚಿಕಿತ್ಸಾ ಕೊಠಡಿಗೆ) ಕರೆದೊಯ್ಯಬೇಕು, ಅವನು ಏನೇ ಹೇಳಲಿ.

ಈ ಯಂತ್ರ ಪೂರ್ತಿ ಮೋಸ ಮಾಡುವ ಜಾಗ ಒಂದಿದೆ: ಬುಖಾರಿ. ಸೀಮೆಎಣ್ಣೆ ಹನಿಹನಿಯಾಗಿ ಬಿದ್ದು ಉರಿಯುವ ಆ ಒಲೆಯ ಕೊಳವೆ ಮಸಿಯಿಂದಲೋ ಹಿಮದಿಂದಲೋ ಕಟ್ಟಿಕೊಂಡರೆ ಹೊಗೆ ಒಳಗೇ ತಿರುಗುತ್ತದೆ. ಗಾಳಿ ತೆಳುವಾಗಿರುವಲ್ಲಿ ಉರಿಯೂ ಅರೆಬರೆ, ಆದ್ದರಿಂದ ಕಾರ್ಬನ್ ಮಾನಾಕ್ಸೈಡ್ ಜಾಸ್ತಿ. ಚಳಿಗೆ ಹೆದರಿ ಕಿಟಕಿ ಸಂದಿಗೆ ಕಂಬಳಿ ತುರುಕಿದರೆ ಮುಗಿಯಿತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಸುಸ್ತು ಎಲ್ಲವೂ ಎತ್ತರದ ಕಾಯಿಲೆಯಂತೆಯೇ, ಹಾಗಾಗಿ "ಅಕ್ಲೈಮಟೈಸ್ ಆಗಿಲ್ಲ" ಅಂದುಕೊಂಡು ಅದೇ ಗುಡಿಸಲಲ್ಲಿ ಮಲಗಿಸುತ್ತಾರೆ. ಆಕ್ಸಿಮೀಟರ್‌ಗೆ ರಕ್ತದಲ್ಲಿ ಆಮ್ಲಜನಕ ಕೂತಿದೆಯೋ ಈ ವಿಷ ಕೂತಿದೆಯೋ ಗೊತ್ತಾಗುವುದಿಲ್ಲ. ಎಲ್ಲರಿಗೂ 85 ಬರುವ ಎತ್ತರದಲ್ಲಿ ತಲೆ ಹಿಡಿದು ಕೂತವನಿಗೆ 97 ಬಂದರೆ ಸಂತೋಷಪಡಬೇಡಿ, ಹೊರಗೆಳೆಯಿರಿ.

ಗುರುತು: ಒಂದೇ ಗುಡಿಸಲಿನ ಎಲ್ಲರಿಗೂ ಒಟ್ಟಿಗೆ ತಲೆನೋವು, ಹೊರಗೆ ಬಂದರೆ ಕಡಿಮೆ. ಮಾಡಬೇಕಾದ್ದು: ಬಾಗಿಲ ಕೆಳಗೆ ಮತ್ತು ಛಾವಣಿಯ ಹತ್ತಿರ ಗಾಳಿಗಂಡಿ ತೆರೆದಿರಲಿ, ಕೊಳವೆಯನ್ನು ದಿನಾ ಬಡಿದು ಶುಚಿ ಮಾಡಲಿ, ಹಿಮ ಬಿದ್ದ ಮೇಲೆ ಅದರ ಬಾಯಿ ನೋಡಲಿ, ಮಲಗುವ ಮುನ್ನ ಬುಖಾರಿ ಆರಿಸಲಿ. ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಸಿಗುತ್ತದೆ. ಅಕ್ಕ, ಆಕ್ಸಿಮೀಟರ್‌ಗಿಂತ ಮೊದಲು ಅದನ್ನು ಕೊಡಿಸಿ.

ಎಂಐ_ರೂಮ್:
ಹಿಮಗಾಳಿ ಅವರು ಹೇಳಿದ್ದು ಸರಿ. ಹಾಪೋ ಬ್ಯಾಗ್, ಅಂದರೆ ರೋಗಿಯನ್ನು ಒಳಗಿಟ್ಟು ಗಾಳಿ ತುಂಬುವ ಚೀಲದ ಬಗ್ಗೆ ಒಂದು ಮಾತು. ಹವಾಮಾನ ಕೆಟ್ಟು ಹೆಲಿಕಾಪ್ಟರ್ ಬಾರದಿದ್ದಾಗ ರೋಗಿಯನ್ನು ಒಳಗೆ ಮಲಗಿಸಿ, ಕಾಲಿನ ಪಂಪ್‌ನಿಂದ ಸುಮಾರು 2 ಪಿಎಸ್‌ಐ ಒತ್ತಡ ತುಂಬುತ್ತಾರೆ. ಸಾವಿರಾರು ಅಡಿ ಇಳಿಸಿದಷ್ಟೇ ಪರಿಣಾಮ. ಒತ್ತಡ ತುಂಬಿತೆಂದು ಪಂಪ್ ನಿಲ್ಲಿಸಿದರೆ ಒಳಗಿನವನು ಬಿಟ್ಟ ಉಸಿರೇ ಅವನನ್ನು ಉಸಿರುಗಟ್ಟಿಸುತ್ತದೆ, ಹಾಗಾಗಿ ಇಬ್ಬರು ಸರದಿಯಲ್ಲಿ ತುಳಿಯುತ್ತಲೇ ಇರಬೇಕು. ಹೊರತೆಗೆದ ಮೇಲೆ ಕಾಯಿಲೆ ಮರಳಬಹುದು, ಇಳಿಸುವುದು ತಪ್ಪದು.

ತಮ್ಮನಿಗೆ ಇಷ್ಟು ಹೇಳಿ: ಲೇಹ್ ಟ್ರಾನ್ಸಿಟ್ ಕ್ಯಾಂಪ್‌ನಲ್ಲಿ ಹಾಜರಾಗುವಾಗ ಊರಿಗೆ ಇಳಿದ ತಾರೀಖು, ವಾಪಸ್ ಬಂದ ತಾರೀಖು ಎರಡನ್ನೂ ಸರಿಯಾಗಿ ಬರೆಸಲಿ. ಹಂತ ನಿರ್ಧಾರವಾಗುವುದು ಅದರ ಮೇಲೆ.