‘ಟ್ರಿಗರ್’ ಸೂಜಿಗೆ ಏನನ್ನೋಣ? ‘ಬಲಿತ ಅಂಡಾಣು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ವಿಜಯಪುರದಲ್ಲಿ ಐವಿಎಫ್ (ಅಂಡಾಣು ಹೊರತೆಗೆದು ಲ್ಯಾಬಿನಲ್ಲಿ ವೀರ್ಯಾಣು ಸೇರಿಸಿ ಭ್ರೂಣ ಮಾಡುವ) ಚಿಕಿತ್ಸೆಗೆ ಬರುವವರಿಗಾಗಿ ಒಂದು ತಿಳಿವಳಿಕೆ ಹಾಳೆ ಬರೆಯುತ್ತಿದ್ದೇನೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯ ಹೆಣ್ಣುಮಕ್ಕಳು ಓದಿದ ಕೂಡಲೇ ತಿಳಿಯುವಂತಿರಬೇಕು. ಎರಡು ಪದಗಳಿಗೆ ನಿಮ್ಮ ಸಹಾಯ ಬೇಕು.

ಮೊದಲನೆಯದು ‘ಟ್ರಿಗರ್’, ಅಂದರೆ ಅಂಡಾಣು ಹೊರತೆಗೆಯುವ ಮೊದಲು ಅದನ್ನು ಸಿದ್ಧಮಾಡಲು ಕೊಡುವ ಸೂಜಿ. ‘ಪ್ರಚೋದಕ ಚುಚ್ಚುಮದ್ದು’ ಅಂತ ಬರೆಯುವುದುಂಟು. ಆದರೆ ಅದಕ್ಕೂ ಮೊದಲು ಹತ್ತು ಹನ್ನೆರಡು ದಿನ ದಿನಾ ಮಾಡಿಸಿಕೊಳ್ಳುವ ಸೂಜಿಗಳನ್ನೂ ‘ಪ್ರಚೋದಕ’ ಅಂತಲೇ ಕರೆಯುತ್ತಾರೆ. ಕರಡು ಓದಿದ ಒಬ್ಬರು ನೇರವಾಗಿ ಕೇಳಿದರು: “ಅಕ್ಕಾರ, ಅದೂ ಪ್ರಚೋದಕ, ಇದೂ ಪ್ರಚೋದಕ. ಟೈಮಿಗೆ ಸರಿಯಾಗಿ ಮಾಡಿಸ್ಕೋಬೇಕಾದ್ದು ಯಾವುದ್ರಿ?” ಕೇಳಬೇಕಾದ ಪ್ರಶ್ನೆಯೇ. ದಿನದ ಸೂಜಿ ಅಂಡಕೋಶದಲ್ಲಿ ನೀರುಗುಳ್ಳೆಯಂಥ ಫಾಲಿಕಲ್‌ಗಳನ್ನು ಬೆಳೆಸುತ್ತದೆ. ಅವು 17–18 ಮಿಲಿಮೀಟರಿನಷ್ಟಾದ ಮೇಲೆ ಟ್ರಿಗರ್ ಕೊಡುತ್ತಾರೆ. ಇವತ್ತು ರಾತ್ರಿ 10ಕ್ಕೆ ಟ್ರಿಗರ್ ಆದರೆ ನಾಡಿದ್ದು ಬೆಳಗ್ಗೆ 8ರಿಂದ 10ರೊಳಗೆ, ಅಂದರೆ 34ರಿಂದ 36 ಗಂಟೆಗೆ, ಅಂಡಾಣು ಹೊರತೆಗೆಯಬೇಕು. ಗಂಟೆಗಟ್ಟಲೆ ಹೊತ್ತು ತಪ್ಪಿದರೆ ಇಷ್ಟು ದಿನದ ಸೂಜಿಯೆಲ್ಲ ನೀರಿಗೆ ಹಾಕಿದಂತಾಗಬಹುದು.

ಬಾಯಿಮಾತಿನಲ್ಲಿ ‘ತತ್ತಿ ಒಡೆಯುವ ಸೂಜಿ’, ‘ರಪ್ಚರ್ ಇಂಜೆಕ್ಷನ್’ ಅನ್ನುವುದೂ ಇದೆ. ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ) ಮಾಡಿಸುವವರಿಗೆ ಈ ಹೆಸರು ಹೇಗೋ ನಡೆದೀತು. ಅಲ್ಲಿ ಫಾಲಿಕಲ್ ಒಡೆದು ಅಂಡಾಣು ತಾನಾಗಿ ಹೊರಬರಬೇಕು. ಐವಿಎಫ್‌ನಲ್ಲಿ ಹಾಗಲ್ಲ, ಒಡೆಯುವ ಮೊದಲೇ ತೆಗೆಯಬೇಕು. ಅದೂ ಅಲ್ಲದೆ ಒಡೆಯುವುದು ಫಾಲಿಕಲ್, ತತ್ತಿ ಅಲ್ಲ. ತತ್ತಿ ಒಡೆಯುತ್ತದೆ ಅಂತ ಕೇಳಿದರೆ, ಇಷ್ಟು ಕಷ್ಟಪಟ್ಟು ಬೆಳೆಸಿದ್ದು ಹಾಳಾಗುತ್ತದೇನೋ ಅಂತ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ. ‘ಕೊನೇ ಸೂಜಿ’ ಅನ್ನೋಣ ಅಂದರೆ ಅದಾದ ಮೇಲೂ ಗರ್ಭ ನಿಲ್ಲಲು ಕೊಡುವ ಪ್ರೊಜೆಸ್ಟೆರಾನ್ ಹಾರ್ಮೋನಿನ ಸೂಜಿ ಇರುವುದುಂಟು.

ಎರಡನೆಯ ಪದ ನನ್ನನ್ನು ಹೆಚ್ಚು ಕಾಡುತ್ತಿದೆ. ಟ್ರಿಗರ್ ಬಿದ್ದ ಮೇಲೆ ಅಂಡಾಣು ತನ್ನ ವಂಶವಾಹಿಗಳಲ್ಲಿ ಅರ್ಧದಷ್ಟನ್ನು ಒಂದು ಸಣ್ಣ ಕಣದಲ್ಲಿ ಹೊರಹಾಕಿ ವೀರ್ಯಾಣುವಿಗೆ ಸಿದ್ಧವಾಗುತ್ತದೆ. ಇದನ್ನು ‘ಬಲಿತ ಅಂಡಾಣು’ ಅಂತ ಬರೆಯುತ್ತಾರೆ. ನಮ್ಮ ಕಡೆ ಕಾಳು ಬಲಿತರೆ ಸೀತನಿ (ಎಳೆ ಜೋಳದ ಕಾಳು) ಮುಗಿಯಿತು. ಬಲಿತ ಬೆಂಡೆಕಾಯಿಯನ್ನು ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ. ಹಾಗಾಗಿ ಕೆಲವರು ‘ಬಲಿತ’ ಅಂದರೆ ಹೊತ್ತು ಮೀರಿದ್ದು ಅಂದುಕೊಳ್ಳುತ್ತಾರೆ. ಇನ್ನು ಕೆಲವರು ಬಲ ಇರುವುದು, ಗಟ್ಟಿಮುಟ್ಟಾದದ್ದು ಅಂದುಕೊಳ್ಳುತ್ತಾರೆ. ಎರಡನೆಯದು ಜಾಸ್ತಿ ತೊಂದರೆ. ಅಂಡಾಣುಗೆ ಬಲ ಬಂತು, ಇನ್ನು ಭ್ರೂಣ ಒಳ್ಳೆಯದೇ ಆಗುತ್ತದೆ ಅಂತ ನಂಬಿಬಿಡುತ್ತಾರೆ.

“ಯಾವ ಸೂಜಿ ಮಾಡಿಸ್ಕೊಂಡ್ರ ಭ್ರೂಣ ಚಲೋ ಆಗತೈತ್ರಿ?” ಅನ್ನುವ ಪ್ರಶ್ನೆ ಬರುವುದು ಇಲ್ಲಿಂದಲೇ. ಟ್ರಿಗರ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಎಚ್‌ಸಿಜಿ ಅನ್ನುವ ಹಾರ್ಮೋನು. ಇದು ಅಂಡಾಣುವನ್ನು ಸಿದ್ಧಮಾಡುವ ದೇಹದ ಎಲ್‌ಎಚ್ ಹಾರ್ಮೋನಿನ ಕೆಲಸವನ್ನು ತಾನೇ ಮಾಡುತ್ತದೆ, ಹಲವು ದಿನ ರಕ್ತದಲ್ಲಿ ಉಳಿಯುತ್ತದೆ. ಇನ್ನೊಂದು ಲ್ಯುಪ್ರೊಲೈಡ್, ಟ್ರಿಪ್ಟೊರೆಲಿನ್ ತರಹದ್ದು. ಇದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದಲೇ ಎಲ್‌ಎಚ್, ಫಾಲಿಕಲ್ ಬೆಳೆಸುವ ಎಫ್‌ಎಸ್‌ಎಚ್ ಎರಡನ್ನೂ ಬಿಡಿಸುತ್ತದೆ. ಎರಡೂ ಬಗೆಯವನ್ನು ಕೂಡಿಸಿ ಕೊಡುವುದೂ ಇದೆ. ಇದರಿಂದ ಭ್ರೂಣ ಒಳ್ಳೆಯದು, ಅದರಿಂದ ಕೆಟ್ಟದ್ದು ಅನ್ನುವಂಥ ಸ್ಪಷ್ಟ ವ್ಯತ್ಯಾಸ ಕಂಡಿಲ್ಲ. ವ್ಯತ್ಯಾಸ ಇರುವುದು ಬೇರೆ ಕಡೆ. ಫಾಲಿಕಲ್‌ಗಳು ಬಹಳ ಇದ್ದಾಗ ಎಚ್‌ಸಿಜಿ ಕೊಟ್ಟರೆ ಹೊಟ್ಟೆ ಉಬ್ಬಿ ನೀರು ತುಂಬುವ ಅಪಾಯ ಹೆಚ್ಚು. ಎರಡನೇ ಬಗೆಯಲ್ಲಿ ಆ ಅಪಾಯ ತೀರಾ ಕಡಿಮೆ. ಆದರೆ ಗರ್ಭ ನಿಲ್ಲಲು ಬೇಕಾದ ಹಾರ್ಮೋನು ಬೇಗ ಇಳಿಯುತ್ತದೆ. ಅದಕ್ಕೇ ಭ್ರೂಣಗಳನ್ನು ಫ್ರೀಜ್ ಮಾಡಿಟ್ಟು ಮುಂದಿನ ತಿಂಗಳುಗಳಲ್ಲಿ ಗರ್ಭಕ್ಕೆ ಸೇರಿಸುವುದು ರೂಢಿ.

ಟ್ರಿಗರ್ ಸರಿಯಾಗಿ ಬಿದ್ದರೆ ಸಿದ್ಧವಾದ ಅಂಡಾಣು ಹೆಚ್ಚು ಸಿಗುತ್ತವೆ. ಅವುಗಳಿಂದ ಎಂಥ ಭ್ರೂಣ ಆಗುತ್ತದೆ ಅನ್ನುವುದರಲ್ಲಿ ಹೆಂಗಸಿನ ವಯಸ್ಸು ದೊಡ್ಡದು. ಗಂಡಸಿನ ವೀರ್ಯ, ಲ್ಯಾಬಿನ ಕೆಲಸ ಕೂಡ ಲೆಕ್ಕಕ್ಕೆ ಬರುತ್ತವೆ. ಭ್ರೂಣ ಚೆನ್ನಾಗಿ ಬೆಳೆಯಲಿಲ್ಲ ಅಂದಾಗ “ಸೂಜಿ ಐದು ನಿಮಿಷ ತಡ ಆಗಿತ್ತು, ಎಲ್ಲಾ ನನ್ನಿಂದಲೇ” ಅಂತ ಕಣ್ಣೀರು ಹಾಕುವವರಿದ್ದಾರೆ. ನಾವು ಹಾಕುವ ಪದ ಆ ತಪ್ಪು ತಿಳಿವಳಿಕೆಯನ್ನು ಬೆಳೆಸಬಾರದು, ಅಲ್ವಾ?

ಸದ್ಯಕ್ಕೆ ನಾನು ‘ಅಂಡಾಣು ತಯಾರು ಮಾಡುವ ಸೂಜಿ’, ‘ತಯಾರಾದ ಅಂಡಾಣು’ ಅಂತ ಬರೆದಿದ್ದೇನೆ. ‘ತಯಾರು’ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಅದರಲ್ಲಿ ಒಳ್ಳೆಯದು, ಕೆಟ್ಟದ್ದು ಅನ್ನುವ ಅರ್ಥ ಬೆರೆಯುವುದಿಲ್ಲ. ‘ಗುಣಮಟ್ಟ’ ಪದವನ್ನು ಭ್ರೂಣದ ಮಾತು ಬಂದಾಗ ಮಾತ್ರ ಬಳಸಿದ್ದೇನೆ. ಸಿಸ್ಟರ್‌ಗಳು ‘ಟ್ರಿಗರ್’ ಅಂತಲೇ ಅನ್ನುವುದರಿಂದ ಅದನ್ನೂ ಜೊತೆಗೆ ಉಳಿಸಿದ್ದೇನೆ.

ಇದಕ್ಕಿಂತ ಚಿಕ್ಕ ಪದ ಇದ್ದರೆ ತಿಳಿಸಿ. ಬೆಳಗಾವಿ, ಬಾಗಲಕೋಟೆ ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ಅಲ್ಲಿಯ ಹೆಣ್ಣುಮಕ್ಕಳು ಈ ಸೂಜಿಗೆ ಏನನ್ನುತ್ತಾರೆ ಅಂತ ಅವರ ಮಾತಿನಲ್ಲೇ ಬರೆದರೆ ಬಹಳ ಉಪಕಾರ. ‘ಪಕ್ವ’ ಅನ್ನುವ ಪದ ಹಳ್ಳಿಯ ಓದುಗರಿಗೆ ಸಲೀಸಾಗಿ ತಿಳಿಯುತ್ತದೆಯೇ ಅನ್ನುವುದನ್ನೂ ಹೇಳಿ.