ವಕೀಲಿಕೆ ಬಿಡದೆ ಹದಿಹರೆಯದವರಿಗೆ ಕಾದಂಬರಿ ಬರೆದವರು ಇದ್ದೀರಾ?

ಎಂಟು ವರ್ಷದಿಂದ ಸಿವಿಲ್ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಹೈಸ್ಕೂಲು, ಪಿಯುಸಿ ಮಕ್ಕಳು ಓದುವಂಥ ಕಾದಂಬರಿಯೊಂದು ಅರ್ಧಕ್ಕೆ ನಿಂತಿದೆ. ಸನ್ನದು (ವಕೀಲಿಕೆಯ ಪರವಾನಗಿ) ಇಟ್ಟುಕೊಂಡು ಬರೆಯಬಹುದಾ? ಕೋರ್ಟಿನಲ್ಲಿ ಕಂಡದ್ದನ್ನು ಬಳಸಬಹುದಾ? ಅನುಭವ ಇರುವವರು ಹೇಳಿ.

ಉತ್ತರ 1: ಧಾರಾಳವಾಗಿ ಬರೆಯಿರಿ ಸರ್. ವಕೀಲರ ನಡತೆಗೆ ನಿಯಮ ಮಾಡುವ ಬಾರ್ ಕೌನ್ಸಿಲ್ ತಡೆಯುವುದು ಪೂರ್ಣಾವಧಿ ಸಂಬಳದ ಕೆಲಸವನ್ನು, ಕಾದಂಬರಿಯ ರಾಯಧನ ಸಂಬಳ ಅಲ್ಲ. ಆದರೆ 36ನೇ ನಿಯಮದ ಪ್ರಕಾರ ವಕೀಲರು ಜಾಹೀರಾತು ಮಾಡಿಕೊಳ್ಳುವ ಹಾಗಿಲ್ಲ, ಹಾಗಾಗಿ ಲೇಖಕರ ಪರಿಚಯದಲ್ಲಿ ಆಫೀಸ್ ವಿಳಾಸ, ಯಾವ ಥರದ ಕೇಸು ನಡೆಸುತ್ತೀರಿ ಅನ್ನೋದೆಲ್ಲ ಬೇಡ. ನನಗೆ ಕಷ್ಟವಾಗಿದ್ದು ಭಾಷೆ. ವರ್ಷಗಟ್ಟಲೆ ಕೋರ್ಟಿಗೆ ದಾವೆ, ತಕರಾರು ಬರೆದ ಕೈ ಅಲ್ವಾ? ಮೊದಲ ಅಧ್ಯಾಯದಲ್ಲಿ ಹದಿನೈದರ ಹುಡುಗಿ ಅಮ್ಮನಿಗೆ "ನೀನು ಹೇಳಿದ್ದು ಸತ್ಯಕ್ಕೆ ದೂರವಾದದ್ದು" ಅಂತಿದ್ದಳು. ಒಂಬತ್ತನೇ ಕ್ಲಾಸಿನ ಅಕ್ಕನ ಮಗಳು ಪೆನ್ಸಿಲಿನಲ್ಲಿ ಗೆರೆ ಎಳೆದು, "ಸುಳ್ಳು ಹೇಳ್ಬೇಡಮ್ಮ ಅಂದ್ರೆ ಸಾಕು ಮಾಮ" ಅಂದಳು. ಈಗ ಪ್ರತಿ ಅಧ್ಯಾಯವನ್ನೂ ಅವಳ ಮುಂದೆ ಜೋರಾಗಿ ಓದುತ್ತೇನೆ, ಅವಳು ಮೊಬೈಲ್ ಕೈಗೆತ್ತಿಕೊಂಡ ಜಾಗಕ್ಕೆ ಗುರುತು ಹಾಕುತ್ತೇನೆ.

ಉತ್ತರ 2: ನಾನು ಜಾಸ್ತಿ ನಡೆಸುವುದು ಕೌಟುಂಬಿಕ ನ್ಯಾಯಾಲಯದ ಕೇಸು. ಕಕ್ಷಿದಾರರು ನಮ್ಮನ್ನು ನಂಬಿ ಹೇಳಿದ್ದನ್ನು ಕೇಸು ಮುಗಿದ ಮೇಲೂ ಹೊರಗೆ ಬಿಡುವಂತಿಲ್ಲ, ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 132ನೇ ಕಲಂ ನೋಡಿ. ಮಕ್ಕಳ ಗುರುತಿನ ವಿಷಯದಲ್ಲಿ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಇನ್ನೂ ಬಿಗಿ. ಸುಮ್ನೆ ಹೆಸರು ಬದಲಿಸಿದರೆ ಆಗುವುದಿಲ್ಲ, ಚಿಕ್ಕ ಊರಲ್ಲಿ ಅಪ್ಪನ ಅಂಗಡಿ ಯಾವುದು ಅಂತ ಬರೆದರೂ ಸಾಕು, ಮಗು ಯಾರದ್ದೆಂದು ಗೊತ್ತಾಗಿಬಿಡುತ್ತದೆ. ಒಮ್ಮೆ ವರಾಂಡದ ಬೆಂಚಿನ ಆ ತುದಿಗೆ ಅಪ್ಪ, ಈ ತುದಿಗೆ ಅಮ್ಮ, ನಡುವೆ ಯೂನಿಫಾರಂ ಹಾಕಿದ ಹುಡುಗ ಶೂ ಲೇಸು ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು. ಅವನನ್ನು ಕರೆಯುವ ತನಕ ಅದೇ. ನೋಡಿ ಹೊಟ್ಟೆ ಕಿವುಚಿದಂತಾಯಿತು. ಆ ಲೇಸನ್ನು ಕಾದಂಬರಿಯಲ್ಲಿ ಒಬ್ಬ ಹುಡುಗಿಯ ಕೈಗೆ ಕೊಟ್ಟೆ. ಅವಳ ಊರು, ಮನೆ, ಸಂಕಟ ಎಲ್ಲ ಬೇರೆ.

ಉತ್ತರ 3: ಪ್ರಕಾಶಕರ ಜತೆ ಲಿಖಿತ ಒಪ್ಪಂದ ಮಾಡಿಕೊಳ್ಳಿ. ನಾನು ಮೊದಲ ಪುಸ್ತಕವನ್ನು ಬಾಯಿಮಾತಿನ ಮೇಲೆ ಕೊಟ್ಟೆ, ಎಷ್ಟು ಪ್ರತಿ ಹೋಯಿತು ಅಂತ ಇವತ್ತಿಗೂ ಲೆಕ್ಕ ಸಿಕ್ಕಿಲ್ಲ. ಹಕ್ಕು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಕೃತಿಸ್ವಾಮ್ಯ ಕಾಯ್ದೆ 1957ರ 19ನೇ ಕಲಂ ಪ್ರಕಾರ ಅದು 5 ವರ್ಷ ಅಂತಲೇ ಲೆಕ್ಕ. ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಪ್ರಕಟಣೆ ಬಂದಾಗ ಷರತ್ತು ಓದಿ ಅರ್ಜಿ ಹಾಕಿ. ಇನ್ನು ಅರ್ಧಕ್ಕೆ ನಿಂತಿದೆ ಅಂದಿರಲ್ಲ, ನಂದೂ ನಿಂತಿತ್ತು. ಬೇಸಿಗೆ ರಜೆಗೆ ಸಿವಿಲ್ ಕೋರ್ಟು ಮುಚ್ಚಿದಾಗ ಹೊಸ ಕೇಸಿನ ಡ್ರಾಫ್ಟಿಂಗ್ ಒಪ್ಪಿಕೊಳ್ಳದೆ ಬೆಳಗ್ಗೆ ಆರಕ್ಕೆ ಕೂತೆ. ಜೂನ್ ಹೊತ್ತಿಗೆ ಮುಗಿಯಿತು.